ಶಾಸನವೂ ಯೋಜನೆಯೂ: ಸಮುದಾಯ ಕಾಲೇಜುಗಳ ಮಾನ್ಯತೆಯ ಇತಿಹಾಸ

೧

ಜನರು ತಮ್ಮ ಹಣದಿಂದ, ತಮ್ಮ ಶ್ರಮದಿಂದ ಕಟ್ಟಿದ ಕಾಲೇಜಿಗೆ ಸರ್ಕಾರದ ಮಾನ್ಯತೆ ದೊರೆಯಬೇಕೆ, ದೊರೆಯುವುದಾದರೆ ಯಾವ ರೂಪದಲ್ಲಿ ದೊರೆಯಬೇಕು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಒಂದೂವರೆ ಶತಮಾನದಿಂದ ಚರ್ಚೆಯಲ್ಲಿದೆ. ಇತ್ತೀಚಿನ ಮೂರು ದಶಕಗಳಲ್ಲಿ ‘ಸಮುದಾಯ ಕಾಲೇಜು’ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಗಳು ಇದೇ ಪ್ರಶ್ನೆಯನ್ನು ಮತ್ತೆ ಎತ್ತಿವೆ. ಶಿಕ್ಷಣಶಾಸ್ತ್ರಜ್ಞರು ಈ ವಿಷಯವನ್ನು ಉದ್ಯೋಗ ಮತ್ತು ಕೌಶಲದ ದೃಷ್ಟಿಯಿಂದ ನೋಡಿದ್ದಾರೆ. ಪ್ರಸ್ತುತ ಲೇಖನದಲ್ಲಿ ನಾವು ಇದನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲಿಗೆ ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ‘ಸಮುದಾಯ ಕಾಲೇಜು’ ಎಂಬ ಪರಿಕಲ್ಪನೆ ಅಮೆರಿಕದಿಂದ ಬಂದದ್ದು. ೧೯೦೧ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬಲ್ಲಿ ಆರಂಭವಾದ ಎರಡು ವರ್ಷದ ಕಾಲೇಜು ಈ ಬಗೆಯ ಸಂಸ್ಥೆಗಳಿಗೆ ಮೂಲವೆಂದು ಹೇಳುವುದುಂಟು. ೧೯೪೭ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ ವರದಿಯಿಂದ ಈ ಹೆಸರು ವ್ಯಾಪಕವಾಗಿ ಬಳಕೆಗೆ ಬಂದಿತು. ಅಲ್ಲಿ ‘ಸಮುದಾಯ’ವೆಂದರೆ ಒಂದು ಪ್ರದೇಶದ ಸಮಸ್ತ ನಿವಾಸಿಗಳು. ನಮ್ಮಲ್ಲಿ ಈ ಮಾತಿಗೆ ಜಾತಿ, ಮತ, ಜನಾಂಗ ಎಂಬ ಅರ್ಥಗಳೂ ಸೇರಿಕೊಂಡಿವೆ. ‘ಅದು ನಮ್ಮ ಸಮಾಜದ ಕಾಲೇಜು’ ಎಂದು ಉತ್ತರ ಕರ್ನಾಟಕದ ಹಿರಿಯರು ಹೇಳಿದರೆ ಅದು ಊರಿನ ಎಲ್ಲರನ್ನೂ ಒಳಗೊಂಡ ಮಾತಾಗಿರಬೇಕೆಂದಿಲ್ಲ. ಈ ಎರಡು ಅರ್ಥಗಳ ನಡುವಿನ ಅಂತರ ಮಾನ್ಯತೆಯ ಪ್ರಶ್ನೆಗೂ ಸಂಬಂಧಿಸಿದೆ. ಸಾರ್ವಜನಿಕ ಹಣವನ್ನು ಕೇಳುವ ಸಂಸ್ಥೆಯು ತಾನು ಯಾವ ಸಾರ್ವಜನಿಕರದ್ದು ಎಂಬುದನ್ನೂ ಹೇಳಬೇಕಾಗುತ್ತದೆ.

‘ಮಾನ್ಯತೆ’ ಎಂಬ ಒಂದೇ ಮಾತಿನಲ್ಲಿಯೂ ಮೂರು ಸಂಗತಿಗಳು ಅಡಗಿವೆ. ಕಾಲೇಜು ಕೊಡುವ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಮೊದಲನೆಯದು. ಕಾಲೇಜಿನ ನಿತ್ಯದ ವೆಚ್ಚಕ್ಕೆ ನೆರವು ದೊರೆಯುವುದು ಎರಡನೆಯದು. ಈ ಎರಡೂ ಇಂದಿನ ಅಧಿಕಾರಿಯ ಮನಸ್ಸನ್ನು ಅವಲಂಬಿಸದೆ ಮುಂದಿನವರಿಗೂ ಬಂಧನಕಾರಿಯಾಗುವುದು ಮೂರನೆಯದು. ಮಾನ್ಯತೆಗಾಗಿ ನಡೆದ ಪ್ರಯತ್ನಗಳಲ್ಲಿ ಮೊದಲ ಎರಡಕ್ಕೆ ದೊರೆತ ಗಮನ ಮೂರನೆಯದಕ್ಕೆ ದೊರೆತಿಲ್ಲ. ಚರಿತ್ರೆಯನ್ನು ನೋಡಿದರೆ ಸಂಸ್ಥೆಗಳ ಅಳಿವು ಉಳಿವುಗಳನ್ನು ನಿರ್ಧರಿಸಿರುವುದು ಈ ಮೂರನೆಯ ಅಂಶವೇ ಎಂಬುದು ನಮ್ಮ ಅಭಿಪ್ರಾಯ.

೨

ಈ ಅಭಿಪ್ರಾಯಕ್ಕೆ ಆಧಾರವಾಗಿ ಮೊದಲು ಮಧ್ಯಕಾಲೀನ ಕರ್ನಾಟಕದ ಎರಡು ಶಾಸನಗಳನ್ನು ಗಮನಿಸಬಹುದು.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನದ ಕಾಲ ಶಕವರ್ಷ ೮೬೭, ಅಂದರೆ ಕ್ರಿ.ಶ. ೯೪೫. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಂದು ಪಾವಿಟ್ಟಗೆ ಎಂದು ಹೆಸರಾಗಿದ್ದ ಈ ಊರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕಾಗಿ ೨೭ ಮನೆಗಳು ಏರ್ಪಟ್ಟವು. ಶಾಲೆಯ ವೆಚ್ಚಕ್ಕೆ ೫೦೦ ನಿವರ್ತನ, ದೀಪಕ್ಕೆ ೧೨ ನಿವರ್ತನ, ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿ ದತ್ತಿಯಾಗಿ ಸಂದಿತು. ಇಷ್ಟಾದರೆ ಇದು ಅಧಿಕಾರಸ್ಥನೊಬ್ಬನ ದಾನವೆನಿಸುತ್ತಿತ್ತು. ಆದರೆ ಊರವರೂ ಇದರಲ್ಲಿ ಪಾಲುಗೊಂಡರು. ಮದುವೆಯೊಂದಕ್ಕೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯಗಳಂತೆ ಶಾಲೆಗೆ ಸಲ್ಲಿಸುವ ಕಟ್ಟುಪಾಡನ್ನು ಒಪ್ಪಿಕೊಂಡರು. ಅಧಿಕಾರಿಯ ದೊಡ್ಡ ದತ್ತಿಯ ಪಕ್ಕದಲ್ಲಿ ಊರಿನ ಸಣ್ಣ ವಂತಿಗೆ ನಿಂತಿರುವುದು ಇಲ್ಲಿ ಗಮನಾರ್ಹವಾದುದು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ಶಾಸನ ಕ್ರಿ.ಶ. ೧೦೫೮ರದು, ಕಲ್ಯಾಣ ಚಾಲುಕ್ಯರ ಮೊದಲನೆಯ ಸೋಮೇಶ್ವರನ ಕಾಲಕ್ಕೆ ಸೇರಿದುದು. ದಂಡನಾಯಕ ಮಧುಸೂದನನ ಘಟಿಕಾಸ್ಥಾನದಲ್ಲಿ ವೇದಾಧ್ಯಯನದ ೨೦೦ ಮಂದಿ, ಶಾಸ್ತ್ರಾಧ್ಯಯನದ ೫೨ ಮಂದಿ ವಿದ್ಯಾರ್ಥಿಗಳಿಗೆ ವ್ಯವಸ್ಥೆಯಿತ್ತು. ಎರಡೂ ವಿಭಾಗಗಳಿಗೆ ಮೂವರಂತೆ ಅಧ್ಯಾಪಕರಿದ್ದರು, ಅಲ್ಲದೆ ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಅಧ್ಯಾಪಕರಷ್ಟೇ ಸಂಖ್ಯೆಯಲ್ಲಿ ಗ್ರಂಥಪಾಲಕರಿದ್ದ ಈ ಸಂಸ್ಥೆಯ ಒಂದೊಂದು ಹುದ್ದೆಗೂ ಜೀವನಾಧಾರವನ್ನು ಗೊತ್ತುಪಡಿಸಲಾಗಿತ್ತು.

ಇವನ್ನು ಇಂದಿನ ಸಮುದಾಯ ಕಾಲೇಜುಗಳಿಗೆ ಪೂರ್ವರೂಪವೆಂದು ಹೇಳುವುದು ಸರಿಯಾಗದು. ಇವು ವೈದಿಕ ವಿದ್ಯೆಯ ಕೇಂದ್ರಗಳು. ಊರಿನ ಒಕ್ಕಲಿಗನ ಮಗನಿಗಾಗಲಿ, ಯಾವ ವರ್ಗದ ಹೆಣ್ಣುಮಕ್ಕಳಿಗಾಗಲಿ ಅಲ್ಲಿ ಸ್ಥಾನವಿರಲಿಲ್ಲ. ನಾವು ಹೋಲಿಸುತ್ತಿರುವುದು ಪಾಠವನ್ನಲ್ಲ, ವ್ಯವಸ್ಥೆಯನ್ನು. ದತ್ತಿಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ಶಾಪಾಶಯ ವಾಕ್ಯಗಳು ಮುಂದಿನ ಅರಸರನ್ನು ಉದ್ದೇಶಿಸಿದವು. ಕೊಟ್ಟವನಿಗಿಂತ ಕಾಪಾಡಿದವನಿಗೆ ಹೆಚ್ಚಿನ ಫಲ, ಅಪಹರಿಸಿದವನಿಗೆ ಘೋರ ಪಾಪ ಎಂಬ ಅವುಗಳ ಆಶಯ ಧಾರ್ಮಿಕ ಭಾಷೆಯಲ್ಲಿದ್ದರೂ ಉದ್ದೇಶ ಲೌಕಿಕವಾದುದು. ರಾಜ್ಯ ಬದಲಾದರೂ ದತ್ತಿ ಬದಲಾಗಬಾರದು. ಕಲ್ಲಿನಲ್ಲಿ ಬರೆಸಿದುದೂ ಇದಕ್ಕಾಗಿಯೇ. ಕನ್ನಡದಲ್ಲಿ ಆ ಕಲ್ಲಿನ ಬರಹಕ್ಕೂ ಇಂದಿನ ವಿಧಾನಮಂಡಲದ ಕಾಯಿದೆಗೂ ‘ಶಾಸನ’ವೆಂಬ ಒಂದೇ ಹೆಸರಿದೆ. ಮುಂದೆ ಬರುವವರನ್ನೂ ಕಟ್ಟಿಹಾಕುವ ಲಿಖಿತ ವಚನ ಎಂಬುದು ಎರಡಕ್ಕೂ ಸಮಾನವಾದ ಅರ್ಥ.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಮಾನ್ಯತೆಯ ಸ್ವರೂಪವೇ ಬದಲಾಯಿತು. ೧೮೫೪ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣ ನಿರೂಪವು ಖಾಸಗಿ ಪ್ರಯತ್ನಗಳಿಗೆ ಸಹಾಯಧನ ಕೊಡುವ ಪದ್ಧತಿಗೆ ತಳಹದಿ ಹಾಕಿತು. ೧೮೫೭ರಲ್ಲಿ ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಗೊಂಡವು. ಅಂದಿನಿಂದ ವಿದ್ಯೆಯನ್ನು ಕೊಡುವವರು ಬೇರೆ, ಅದನ್ನು ಅಳೆದು ಮುದ್ರೆ ಒತ್ತುವವರು ಬೇರೆ ಎಂಬ ವಿಭಾಗ ನೆಲೆಗೊಂಡಿತು. ಘಟಿಕಾಸ್ಥಾನದ ವಿದ್ಯಾರ್ಥಿಯ ಯೋಗ್ಯತೆಯನ್ನು ವಿದ್ವತ್ಸಭೆ ತೂಗುತ್ತಿತ್ತು. ಹೊಸ ಕಾಲದ ಕಾಲೇಜಿನ ವಿದ್ಯಾರ್ಥಿಗಾದರೋ ಸಂಯೋಜನೆ ಇಲ್ಲದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಪದವಿಯಿಲ್ಲ, ಪದವಿಯಿಲ್ಲದಿದ್ದರೆ ಸರ್ಕಾರಿ ನೌಕರಿಯಿಲ್ಲ. ೧೯೦೪ರ ಭಾರತೀಯ ವಿಶ್ವವಿದ್ಯಾನಿಲಯಗಳ ಅಧಿನಿಯಮವು ಸಂಯೋಜನೆಯ ನಿಬಂಧನೆಗಳನ್ನು ಬಿಗಿಗೊಳಿಸಿತು. ಆಡಳಿತ ಮಂಡಲಿ, ಅಧ್ಯಾಪಕರ ಅರ್ಹತೆ, ಕಟ್ಟಡ, ಗ್ರಂಥಾಲಯ, ಹಣಕಾಸಿನ ಭದ್ರತೆ ಇವೆಲ್ಲ ಸಂಯೋಜನೆಗೆ ಮೊದಲೇ ಇರಬೇಕಾದವು. ಮಾನ್ಯತೆ ಪಡೆಯಲು ಹಣ ಬೇಕು, ಹಣ ಕೂಡಲು ಮಾನ್ಯತೆ ಬೇಕು ಎಂಬ ಇಕ್ಕಟ್ಟು ಇಲ್ಲಿಂದ ತೀವ್ರವಾಯಿತು.

ಈ ಇಕ್ಕಟ್ಟಿನಿಂದ ಹೊರಬರಲು ಮುಂಬಯಿ ಪ್ರಾಂತದಲ್ಲಿ ಎರಡು ದಾರಿಗಳನ್ನು ಹುಡುಕಿಕೊಂಡುದು ಕಂಡುಬರುತ್ತದೆ. ಧಾರವಾಡ ಬೆಳಗಾವಿಗಳವರು ವ್ಯವಸ್ಥೆಯ ಒಳಗೇ ನಿಂತು ಮಾನ್ಯತೆ ಪಡೆದರು. ಪುಣೆಯ ಧೋಂಡೋ ಕೇಶವ ಕರ್ವೆಯವರು ಹೊರಗೆ ನಿಂತು ಕಾದರು.

೪

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಕರ್ನಾಟಕದ ವಿದ್ಯಾರ್ಥಿ ಉಚ್ಚ ಶಿಕ್ಷಣ ಬಯಸಿದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ದೂರ, ವೆಚ್ಚ, ಪರಭಾಷೆಯ ಪರಿಸರ ಈ ಮೂರೂ ಅಡ್ಡಿಗಳಾಗಿದ್ದವು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ಜನರಿಂದ ನಿಧಿ ಕೂಡಿಸಿ, ಸರ್ಕಾರದೊಡನೆ ವ್ಯವಹರಿಸಿ ಧಾರವಾಡದಲ್ಲಿ ಕಾಲೇಜು ಆಗುವಂತೆ ಮಾಡಿದರು. ೧೯೧೭ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಜನರ ಹಣ ಸೇರಿದ್ದರೂ ಅದು ಸರ್ಕಾರಿ ಕಾಲೇಜು. ಆದುದರಿಂದ ಪದವಿಯ ಬೆಲೆ ಮತ್ತು ನಿತ್ಯದ ವೆಚ್ಚ ಎಂಬ ಎರಡು ಸಮಸ್ಯೆಗಳೂ ಏಕಕಾಲಕ್ಕೆ ಪರಿಹಾರವಾದವು. ಇದಕ್ಕೆ ತೆತ್ತ ಬೆಲೆಯೂ ಉಂಟು. ಪಠ್ಯ, ಪರೀಕ್ಷೆ, ಬೋಧನಾಭಾಷೆ ಇವುಗಳ ನಿರ್ಣಯ ಮುಂಬಯಿಯಲ್ಲೇ ಉಳಿಯಿತು. ಪಾಠ ಇಂಗ್ಲಿಷಿನಲ್ಲಿ ನಡೆಯಿತು.

ಬೆಳಗಾವಿಯ ಕಥೆ ಸ್ವಲ್ಪ ಭಿನ್ನ. ೧೯೧೬ರಲ್ಲಿ ತರುಣ ಶಿಕ್ಷಕರ ತಂಡವೊಂದು ಮುಂದಾಗಿ, ಹಿರಿಯ ದಾನಿಗಳ ಬೆಂಬಲದಿಂದ, ಮುಂದೆ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯೆಂದು ಪ್ರಸಿದ್ಧವಾದ ಸಂಸ್ಥೆಯನ್ನು ಒಂದು ಪ್ರೌಢಶಾಲೆಯಿಂದ ಆರಂಭಿಸಿತು. ಆ ಸಂಸ್ಥೆಯ ಮೊದಲ ಕಾಲೇಜಾದ ಲಿಂಗರಾಜ ಕಾಲೇಜು ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಸಂಯೋಜನೆ ಪಡೆದು ಪ್ರಾರಂಭವಾಯಿತು. ತಮ್ಮ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆ ಮೀಸಲಿಟ್ಟು ೧೯೦೬ರಲ್ಲಿ ನಿಧನರಾದ ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರು ಅದಕ್ಕೆ ಬಂದಿತು. ಪ್ರೌಢಶಾಲೆಗೂ ಕಾಲೇಜಿಗೂ ನಡುವೆ ಹದಿನೇಳು ವರ್ಷಗಳ ಅಂತರವಿದೆ. ಕಾಲೇಜು ನಡೆಸುವ ಶಕ್ತಿ ತಮಗಿದೆಯೆಂದು ಮೊದಲು ತೋರಿಸಿ, ಅನಂತರ ಮಾನ್ಯತೆ ಕೇಳುವ ಕ್ರಮ ಇದು. ಹೆಸರಿನಿಂದ ಒಂದು ಸಮಾಜದ್ದಾದ ಈ ಸಂಸ್ಥೆ ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದುದರಿಂದ ಸಾರ್ವಜನಿಕ ಜೀವನಕ್ಕೆ ಸೇರಿತು. ‘ಸಮುದಾಯ’ ಪದದ ಎರಡು ಅರ್ಥಗಳು ಇಲ್ಲಿ ಪರಸ್ಪರ ಸಮೀಪಿಸಿದವು. ಮಾನ್ಯತೆಯಿಂದಾಗುವ ಈ ಪರಿಣಾಮ ಸಾಕಷ್ಟು ಚರ್ಚಿತವಾಗಿಲ್ಲ. ಸರ್ಕಾರದ ಮುದ್ರೆಯು ಪ್ರಮಾಣಪತ್ರಕ್ಕೆ ಬೆಲೆ ತರುವುದರೊಂದಿಗೆ ಸಂಸ್ಥೆಯ ಬಾಗಿಲನ್ನು ಅಗಲಗೊಳಿಸುವ ಒತ್ತಡವನ್ನೂ ತರುತ್ತದೆ.

೫

ಕರ್ವೆಯವರ ಪ್ರಯತ್ನ ಇದಕ್ಕೆ ತೀರ ವಿರುದ್ಧವಾದುದು. ೧೮೯೬ರಲ್ಲಿ ಪುಣೆಯಲ್ಲಿ ವಿಧವೆಯರ ಆಶ್ರಮವನ್ನು ಸ್ಥಾಪಿಸಿದ್ದ ಅವರು ೧೯೦೭ರಲ್ಲಿ ಮಹಿಳಾ ವಿದ್ಯಾಲಯವನ್ನು ತೆರೆದರು. ಜಪಾನಿನ ಮಹಿಳಾ ವಿಶ್ವವಿದ್ಯಾನಿಲಯವನ್ನು ಕುರಿತ ಕಿರುಹೊತ್ತಗೆ ಅವರ ಯೋಚನೆಗೆ ನಿಶ್ಚಿತ ರೂಪ ಕೊಟ್ಟಿತು. ೧೯೧೫ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷ ಭಾಷಣದಲ್ಲಿ ಅವರು ಭಾರತೀಯ ಮಹಿಳೆಯರಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯ ಬೇಕೆಂದರು. ೧೯೧೬ರಲ್ಲಿ ಅದು ಆರಂಭವೂ ಆಯಿತು. ರಾಮಕೃಷ್ಣ ಗೋಪಾಲ ಭಾಂಡಾರಕರರು ಅದರ ಮೊದಲ ಕುಲಪತಿಗಳು.

ಈ ಸಂಸ್ಥೆಯ ಎರಡು ಲಕ್ಷಣಗಳು ನಮ್ಮ ವಿಷಯಕ್ಕೆ ಮುಖ್ಯವಾದವು. ಮೊದಲನೆಯದು ಬೋಧನಾಭಾಷೆ. ಇಂಗ್ಲಿಷನ್ನು ಒಂದು ವಿಷಯವಾಗಿ ಇಟ್ಟುಕೊಂಡು ಉಳಿದ ಪಾಠಗಳನ್ನು ದೇಶಭಾಷೆಯಲ್ಲಿ ಹೇಳುವುದು ಅದರ ನಿಯಮ. ಎರಡನೆಯದು ಆಡಳಿತ. ವರ್ಷಕ್ಕೊಮ್ಮೆ ಸಣ್ಣ ವಂತಿಗೆ ಕೊಡುವ ಸಾಮಾನ್ಯ ಜನರೂ ಮತದಾರರಾಗಿ ಅದರ ಸೆನೆಟ್ಟಿಗೆ ಸದಸ್ಯರನ್ನು ಆರಿಸುವ ಏರ್ಪಾಡಿತ್ತು. ಸಾಲೋಟಗಿಯ ಊರವರು ಮದುವೆಗೆ ಐದು ನಾಣ್ಯ ಕೊಟ್ಟರು, ಆದರೆ ಶಾಲೆಯ ಆಡಳಿತದಲ್ಲಿ ಅವರ ಮಾತು ನಡೆಯಿತೆಂದು ಶಾಸನ ಹೇಳುವುದಿಲ್ಲ. ಪುಣೆಯಲ್ಲಿ ವಂತಿಗೆಯೊಡನೆ ಅಧಿಕಾರವೂ ಬಂದಿತು. ಸಮುದಾಯವೇ ವಿಶ್ವವಿದ್ಯಾನಿಲಯವನ್ನು ನಡೆಸುವುದೆಂದರೆ ಏನೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು.

೧೯೨೦ರಲ್ಲಿ ವಿಠ್ಠಲದಾಸ ಠಾಕರ್ಸಿಯವರು ೧೫ ಲಕ್ಷ ರೂಪಾಯಿಗಳ ದತ್ತಿಯನ್ನು ಘೋಷಿಸಿದರು. ಅವರ ತಾಯಿ ನಾಥೀಬಾಯಿಯವರ ಹೆಸರು ಸಂಸ್ಥೆಗೆ ಬಂದಿತು. ೧೯೩೬ರಲ್ಲಿ ಅದರ ಕೇಂದ್ರ ಮುಂಬಯಿಗೆ ಸ್ಥಳಾಂತರಗೊಂಡಿತು. ಹಣ ಬಂದಿತು, ಕೀರ್ತಿ ಬಂದಿತು, ಆದರೆ ಶಾಸನಬದ್ಧ ಮಾನ್ಯತೆ ಬರಲಿಲ್ಲ. ಪದವಿ ಪಡೆದ ಮಹಿಳೆಯ ವಿದ್ಯೆ ಯಾವ ಪದವೀಧರನಿಗೂ ಕಡಿಮೆಯದಲ್ಲವಾದರೂ ಅವಳ ಪದವಿಗೆ ಕಾನೂನಿನ ಬಲವಿರಲಿಲ್ಲ. ಮುಂಬಯಿ ಶಾಸನಸಭೆಯ ೧೯೪೯ರ ಕಾಯಿದೆ ಜಾರಿಗೆ ಬಂದು, ೧೯೫೧ರಲ್ಲಿ ಅದು ಶಾಸನಬದ್ಧ ವಿಶ್ವವಿದ್ಯಾನಿಲಯವಾಯಿತು. ಅಷ್ಟು ಹೊತ್ತಿಗೆ ಮೂವತ್ತೈದು ವರ್ಷಗಳು ಕಳೆದಿದ್ದವು. ೧೮೫೮ರಲ್ಲಿ ಜನಿಸಿದ ಕರ್ವೆಯವರಿಗೆ ಆಗ ತೊಂಬತ್ತು ದಾಟಿತ್ತು.

ಈ ಎರಡು ದಾರಿಗಳಲ್ಲಿ ಯಾವುದು ಮೇಲೆಂದು ಸುಲಭವಾಗಿ ತೀರ್ಮಾನಿಸಲಾಗದು. ಧಾರವಾಡದ ವಿದ್ಯಾರ್ಥಿಗೆ ಬೆಲೆಯುಳ್ಳ ಪದವಿ ಒಡನೆಯೇ ದೊರೆಯಿತು, ತನ್ನ ಭಾಷೆಯಲ್ಲಿ ಕಲಿಯುವ ಅವಕಾಶ ದೊರೆಯಲಿಲ್ಲ. ಪುಣೆಯ ವಿದ್ಯಾರ್ಥಿನಿಗೆ ತನ್ನ ಭಾಷೆ ದೊರೆಯಿತು, ಪದವಿಯ ಬೆಲೆ ಬರಲು ಒಂದು ತಲೆಮಾರೇ ಕಳೆಯಿತು. ಆದರೆ ಎರಡು ಕಡೆಗಳಲ್ಲಿಯೂ ಒಮ್ಮೆ ಬಂದ ಮಾನ್ಯತೆ ಮತ್ತೆ ಹೋಗಲಿಲ್ಲ. ೧೯೪೯ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾನಿಲಯ ರೂಪುಗೊಂಡಾಗ ಧಾರವಾಡ ಬೆಳಗಾವಿಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ರಾಜ್ಯಗಳ ಗಡಿಗಳು ಬದಲಾದರೂ ಪದವಿಗಳು ಊರ್ಜಿತವಾಗಿಯೇ ಉಳಿದವು. ಅವುಗಳ ಹಿಂದೆ ಶಾಸನವಿತ್ತು.

೬

ಈ ಹಿನ್ನೆಲೆಯಲ್ಲಿ ನಮ್ಮ ಕಾಲದ ಸಮುದಾಯ ಕಾಲೇಜುಗಳನ್ನು ನೋಡಬೇಕು. ೧೯೯೫ರಲ್ಲಿ ಪುದುಚೇರಿ ವಿಶ್ವವಿದ್ಯಾನಿಲಯವು ಈ ಹೆಸರಿನ ಕಾಲೇಜೊಂದನ್ನು ತೆರೆಯಿತು. ೧೯೯೬ರಲ್ಲಿ ಮದರಾಸು ಮೈಲಾಪುರದ ಕ್ರೈಸ್ತ ಮಹಾಧರ್ಮಪ್ರಾಂತದ ಆಶ್ರಯದಲ್ಲಿ ಮದ್ರಾಸ್ ಸಮುದಾಯ ಕಾಲೇಜು ಆರಂಭವಾಯಿತು. ೧೯೯೯ರಲ್ಲಿ ಯೇಸು ಸಭೆಯವರು ಚೆನ್ನೈಯಲ್ಲಿ ಸ್ಥಾಪಿಸಿದ, ಫಾದರ್ ಕ್ಸೇವಿಯರ್ ಅಲ್ಫೋನ್ಸ್ ಅವರ ನೇತೃತ್ವದ ಸಂಶೋಧನ ಕೇಂದ್ರವು ಈ ಪ್ರಯತ್ನಕ್ಕೆ ಚಳವಳಿಯ ರೂಪ ಕೊಟ್ಟಿತು. ಶಾಲೆ ಬಿಟ್ಟವರು, ಬಡ ಕುಟುಂಬಗಳ ಹೆಣ್ಣುಮಕ್ಕಳು, ಕಾಲೇಜಿನ ಬಾಗಿಲು ಕಾಣದ ದಲಿತ ತರುಣರು ಇದರ ವಿದ್ಯಾರ್ಥಿಗಳು. ಬದುಕಿನ ಕೌಶಲ, ಕಸುಬಿನ ಕೌಶಲ, ಆಸ್ಪತ್ರೆ ಕಾರ್ಖಾನೆ ಅಂಗಡಿಗಳಲ್ಲಿ ಪ್ರತ್ಯಕ್ಷ ತರಬೇತಿ ಇವು ಅದರ ಪಾಠಕ್ರಮ. ವಯಸ್ಸಿನ ಕಟ್ಟಳೆ ಇಲ್ಲ.

ಪುದುಚೇರಿಯ ಕಾಲೇಜು ವಿಶ್ವವಿದ್ಯಾನಿಲಯದ್ದೇ ಆದುದರಿಂದ ಮಾನ್ಯತೆಯೊಡನೆಯೇ ಹುಟ್ಟಿತು. ಸೇವಾಸಂಸ್ಥೆಗಳ ಕಾಲೇಜುಗಳಿಗೆ ಆ ಭಾಗ್ಯವಿರಲಿಲ್ಲ. ಕಸುಬು ಕಲಿತು ಹೊರಬಂದವರಿಗೆ ಕೆಲಸ ದೊರೆಯುತ್ತಿತ್ತು, ಆದರೆ ಅವರ ಪ್ರಮಾಣಪತ್ರವು ಸರ್ಕಾರಿ ನೇಮಕಕ್ಕಾಗಲಿ ಮುಂದಿನ ಓದಿಗಾಗಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಚಳವಳಿಯ ಬಹುಭಾಗದ ಶಕ್ತಿ ಮಾನ್ಯತೆಯ ಕೋರಿಕೆಗೇ ವೆಚ್ಚವಾಯಿತು. ೨೦೦೨ರಲ್ಲಿ ಸ್ಥಾಪಿತವಾದ ತಮಿಳುನಾಡು ಮುಕ್ತ ವಿಶ್ವವಿದ್ಯಾನಿಲಯವು ಮುಂದೆ ಈ ಕಾಲೇಜುಗಳ ಕಸುಬಿನ ಶಿಕ್ಷಣಕ್ರಮಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ೨೦೦೯ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ದೇಶದಾದ್ಯಂತ ಸಮುದಾಯ ಕಾಲೇಜುಗಳ ಯೋಜನೆಯನ್ನು ಪ್ರಕಟಿಸಿತು. ನೂರಾರು ಸಂಸ್ಥೆಗಳು ನೋಂದಣಿ ಮಾಡಿಸಿಕೊಂಡವು. ಹತ್ತಾರು ವರ್ಷಗಳ ಕೋರಿಕೆ ಫಲಿಸಿತೆಂದು ಅನೇಕರು ಭಾವಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಆ ಮಾನ್ಯತೆಯನ್ನು ನಂಬಿ ಕಾಲೇಜು ತೆರೆದವರೂ ಸೇರಿದವರೂ ನಡುದಾರಿಯಲ್ಲಿ ನಿಂತರು.

೨೦೧೩ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಬೇರೊಂದು ಯೋಜನೆಯನ್ನು ಆರಂಭಿಸಿತು. ಇದರಲ್ಲಿ ಹಣದ ನೆರವೂ ಇತ್ತು, ಅದೇ ವರ್ಷ ಪ್ರಕಟವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಆಧಾರವೂ ಇತ್ತು. ಆದರೆ ಇದು ಮುಖ್ಯವಾಗಿ ೧೯೫೬ರ ಆಯೋಗದ ಅಧಿನಿಯಮದ ೨(ಎಫ್) ಮತ್ತು ೧೨(ಬಿ) ವಿಧಿಗಳಡಿ ಮೊದಲೇ ಮಾನ್ಯತೆ ಪಡೆದಿದ್ದ ಕಾಲೇಜುಗಳಿಗೆ ಅನ್ವಯಿಸಿತು. ಹೀಗೆ ಮಾನ್ಯತೆಗಾಗಿ ದುಡಿದ ಸೇವಾಸಂಸ್ಥೆಗಳು ಹೊರಗೇ ಉಳಿದವು. ‘ಸಮುದಾಯ ಕಾಲೇಜು’ ಎಂಬ ಹೆಸರಿಗೆ ಮಾನ್ಯತೆ ಬಂದಿತು, ಅದನ್ನು ಕಟ್ಟಿದ ಸಮುದಾಯಕ್ಕೆ ಬರಲಿಲ್ಲ.

ಇದಕ್ಕೆ ಅಧಿಕಾರಿಗಳ ಉದಾಸೀನವನ್ನಷ್ಟೇ ಕಾರಣವೆನ್ನುವುದು ಪೂರ್ಣ ಸತ್ಯವಾಗದು. ಮಾನ್ಯತೆ ಸಡಿಲವಾದರೆ ಪಾಠವಿಲ್ಲದೆ ಪ್ರಮಾಣಪತ್ರ ಮಾರುವವರು ಸೇರಿಕೊಳ್ಳುತ್ತಾರೆ ಎಂಬ ಭಯ ನಿರಾಧಾರವಾದುದಲ್ಲ. ೧೯೦೪ರ ಅಧಿನಿಯಮದ ಬಿಗಿಯ ಹಿಂದೆಯೂ ಗುಣಮಟ್ಟದ ಇಂತಹುದೇ ವಾದವಿತ್ತು. ಆದರೆ ಗುಣಮಟ್ಟದ ಪರೀಕ್ಷೆಗೆ ಉತ್ತರ ಕಠಿಣವಾದ ಶಾಸನವೇ ಹೊರತು ಯಾವಾಗ ಬೇಕಾದರೂ ಮುಗಿಯಬಹುದಾದ ಯೋಜನೆಯಲ್ಲ. ಯೋಜನೆ ಮುಗಿದಾಗ ಒಳ್ಳೆಯ ಸಂಸ್ಥೆ ಕೆಟ್ಟ ಸಂಸ್ಥೆ ಎಂಬ ವಿವೇಚನೆಯಿಲ್ಲದೆ ಎರಡೂ ಮುಳುಗುತ್ತವೆ.

೭

ಇದುವರೆಗಿನ ಪರಿಶೀಲನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಸಮುದಾಯವು ಕಟ್ಟಿದ ವಿದ್ಯಾಸಂಸ್ಥೆಗಳು ಬಾಳಿದ ಕಡೆಗಳಲ್ಲಿ ದಾನಿಯ ದತ್ತಿ, ಜನರ ವಂತಿಗೆ, ರಾಜ್ಯದ ವಚನ ಈ ಮೂರೂ ಕೂಡಿಬಂದಿವೆ. ಮೂರರಲ್ಲಿ ಮೊದಲ ಎರಡನ್ನು ಸಮುದಾಯ ತಾನೇ ಸಂಪಾದಿಸಬಲ್ಲದು. ಮೂರನೆಯದನ್ನು ಕೇಳಿ ಪಡೆಯಬೇಕು. ಕೇಳುವಾಗ ಏನನ್ನು ಕೇಳಬೇಕೆಂಬ ವಿವೇಕ ಬೇಕು. ಮುದ್ರೆಯನ್ನಷ್ಟೇ ಕೇಳಿದರೆ ಮುದ್ರೆ ಸಿಗುತ್ತದೆ, ಮುದ್ರೆಯವರು ಬದಲಾದಾಗ ಅದು ಹೋಗುತ್ತದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಓದನ್ನು ನಡುವೆ ಬಿಟ್ಟು ಮತ್ತೆ ಸೇರುವ ಅವಕಾಶವನ್ನು ತತ್ತ್ವತಃ ಒಪ್ಪಿದೆ. ೨೦೨೧ರಲ್ಲಿ ಗಳಿಸಿದ ಅಂಕಗಳನ್ನು ಕೂಡಿಟ್ಟುಕೊಳ್ಳುವ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳು ಬಂದವು. ಸೇವಾಸಂಸ್ಥೆಯ ಸಮುದಾಯ ಕಾಲೇಜಿನಲ್ಲಿ ಒಂದು ವರ್ಷ ಕಲಿತ ಹೆಣ್ಣುಮಗಳ ಕಲಿಕೆಯೂ ಇದರಲ್ಲಿ ಲೆಕ್ಕಕ್ಕೆ ಬರುವಂತೆ ಶಾಸನವಾದರೆ ಮಾತ್ರ ಈ ತತ್ತ್ವಕ್ಕೆ ಅರ್ಥ ಬರುತ್ತದೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಈ ವಿಷಯದಲ್ಲಿ ವಿಶೇಷವಾದ ಅನುಕೂಲವಿದೆ. ಮುಂಬಯಿ ಕರ್ನಾಟಕದ ಶಿಕ್ಷಣ ಚರಿತ್ರೆಯ ಸರ್ಕಾರಿ ದಾಖಲೆಗಳನ್ನು ಮುಂಬಯಿಯಲ್ಲೂ ಪುಣೆಯಲ್ಲೂ, ಮದರಾಸು ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳದ್ದನ್ನು ಚೆನ್ನೈಯಲ್ಲೂ, ನಿಜಾಮ ರಾಜ್ಯದ ಕನ್ನಡ ಜಿಲ್ಲೆಗಳದ್ದನ್ನು ಹೈದರಾಬಾದಿನಲ್ಲೂ ಹುಡುಕಬೇಕಾಗುತ್ತದೆ. ಅಲ್ಲಿನ ಅರ್ಜಿಗಳು, ವಂತಿಗೆಯ ಪಟ್ಟಿಗಳು, ಸಂಯೋಜನೆಗಾಗಿ ನಡೆದ ತಪಾಸಣೆಯ ವರದಿಗಳು ಸಾಹಿತ್ಯ ಚರಿತ್ರೆಗೂ ಸಾಮಗ್ರಿಗಳೇ. ಎಂಟು ರೂಪಾಯಿ ಕೊಟ್ಟವನ ಹೆಸರೂ ಎಂಟು ಸಾವಿರ ಕೊಟ್ಟವನ ಹೆಸರೂ ಒಂದೇ ಪಟ್ಟಿಯಲ್ಲಿ ಇರುವಂತಹ ದಾಖಲೆಗಳನ್ನು ಓದುವ ಕ್ರಮವನ್ನು ಶಾಸನಗಳನ್ನು ಓದಿದವರು ಬಲ್ಲರು. ಅರಸರ ವಂಶಾವಳಿಗಾಗಿ ಶಾಸನಗಳನ್ನು ಶೋಧಿಸಿದ ಶ್ರದ್ಧೆಯಿಂದಲೇ ಊರವರ ವಂತಿಗೆಯನ್ನೂ ಶೋಧಿಸುವ ಕೆಲಸ ಆಗಬೇಕಾಗಿದೆ. ಸಮುದಾಯ ಕಾಲೇಜುಗಳ ಪರವಾಗಿ ಇನ್ನು ಮುಂದೆ ಸಲ್ಲಿಸುವ ಕೋರಿಕೆಗಳಿಗೆ ಅಂತಹ ಚರಿತ್ರೆಯೇ ಬಲವಾದ ಸಾಕ್ಷ್ಯವಾಗಬಲ್ಲದು.